ಗೂಡಿನ ಹಳದಿ, ಕಡತದ ಮಡಿಕೆ

ಓದುಗರ ಪ್ರಶ್ನೆಗಳಿಗೆ ಉತ್ತರ: ಛಾಯಾಗ್ರಹಣ

ಪ್ರಶ್ನೆ: ನಾನು ಚಿಕ್ಕಬಳ್ಳಾಪುರದಲ್ಲಿ ಪತ್ರಿಕೋದ್ಯಮ ವಿಷಯವಾಗಿ ಪದವಿಯ ಕೊನೆಯ ವರ್ಷ ಓದುತ್ತಿದ್ದೇನೆ. ನಮ್ಮ ಊರಿನ ರೇಷ್ಮೆ ಹುಳುಮನೆ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಮತ್ತು ನೂಲು ಬಿಚ್ಚುವ ಘಟಕಗಳಲ್ಲಿ ಆರು ತಿಂಗಳು ತೆಗೆದ ಸುಮಾರು 900 ಚಿತ್ರಗಳಿವೆ. ಪ್ರಾಜೆಕ್ಟ್ ಪ್ರದರ್ಶನಕ್ಕೆ ಒಂದು ಗೋಡೆ, ಒಂದು ಮೇಜು ಮತ್ತು 20 ನಿಮಿಷ ಕೊಡುತ್ತಾರೆ. ಉಳಿದವರೆಲ್ಲ ಪ್ರೊಜೆಕ್ಟರ್‌ನಲ್ಲಿ ತೋರಿಸುತ್ತಾರೆ. ನನಗೆ ಪ್ರಿಂಟ್‌ಗಳನ್ನು ಹಾಕಿ, ಕೈಯಿಂದ ಹೊಲಿದ ಪುಸ್ತಕವನ್ನೂ ಇಡುವ ಆಸೆ. ಖರ್ಚಿಗೆ 4,000 ರೂಪಾಯಿ ಇದೆ. ಎಲ್ಲಿಂದ ಆರಂಭಿಸಲಿ?
– ವಿದ್ಯಾರ್ಥಿನಿ, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ನಿಮ್ಮ ಆಸೆ ಸರಿಯಾದದ್ದೇ. ಆದರೆ ಗೋಡೆಯ ಮೇಲಿನ ಚಿತ್ರಗಳನ್ನೇ ಚಿಕ್ಕದು ಮಾಡಿ ಪುಸ್ತಕದಲ್ಲೂ ಹಾಕಿದರೆ ಎರಡರಲ್ಲಿ ಒಂದು ದಂಡವಾಗುತ್ತದೆ. ಗೋಡೆಯ ಮುಂದೆ ನಾಲ್ಕಾರು ಜನ ಒಟ್ಟಿಗೆ ನಿಲ್ಲುತ್ತಾರೆ, ಯಾವ ಚಿತ್ರವನ್ನು ಮೊದಲು ನೋಡಬೇಕೆಂಬುದನ್ನು ಅವರೇ ತೀರ್ಮಾನಿಸುತ್ತಾರೆ. ಪುಸ್ತಕವನ್ನಾದರೋ ಒಬ್ಬರೇ ಕೈಯಲ್ಲಿ ಹಿಡಿದು, ನೀವು ಜೋಡಿಸಿದ ಕ್ರಮದಲ್ಲಿ, ತಮ್ಮ ನಿಧಾನದಲ್ಲಿ ನೋಡುತ್ತಾರೆ. ಆದ್ದರಿಂದ ತಾನೊಂದೇ ನಿಲ್ಲಬಲ್ಲ ಚಿತ್ರ ಗೋಡೆಗೆ ಹೋಗಲಿ. ಹಿಂದಿನದನ್ನೂ ಮುಂದಿನದನ್ನೂ ನೆಚ್ಚಿಕೊಂಡು ಅರ್ಥ ಕೊಡುವ ಚಿತ್ರ ಪುಸ್ತಕಕ್ಕೆ ಬರಲಿ.

900ರಿಂದ 80ಕ್ಕೆ ಇಳಿಸುವ ಕೆಲಸವನ್ನು ಕಂಪ್ಯೂಟರಿನಲ್ಲೇ ಮಾಡಬಹುದು. 80ರಿಂದ 40ಕ್ಕೆ ಇಳಿಸುವುದನ್ನು ಮಾತ್ರ ನೆಲದ ಮೇಲೆಯೇ ಮಾಡಬೇಕು. ಆ 80 ಚಿತ್ರಗಳನ್ನು 4×6 ಇಂಚಿನ ಅಗ್ಗದ ಪ್ರಿಂಟ್ ಹಾಕಿಸಿ, ನಡುಮನೆಯಲ್ಲಿ ಹರಡಿ, ಎರಡು ಮೂರು ದಿನ ಹಾಗೆಯೇ ಬಿಟ್ಟು, ಓಡಾಡುವಾಗಲೆಲ್ಲ ಒಂದನ್ನು ಎತ್ತಿ ಇನ್ನೊಂದರ ಪಕ್ಕದಲ್ಲಿಟ್ಟು ನೋಡಿ. ಹುಳು ಸಾಕುವ ಮನೆಯವರನ್ನೂ ಕರೆದು ತೋರಿಸಿ. ಹುಳು ನಾಲ್ಕನೇ ಜ್ವರದಿಂದ (ಪೊರೆ ಬಿಡುವ ಹಂತದಿಂದ) ಎದ್ದ ಮೇಲೆ ಅದರ ಗಾತ್ರ ಎಷ್ಟು, ಸೊಪ್ಪು ತಿನ್ನುವ ರಭಸ ಎಷ್ಟು ಎಂಬುದು ಅವರಿಗೆ ಗೊತ್ತು. ನಿಮ್ಮ ಅಧ್ಯಾಪಕರ ಕಣ್ಣಿಗೆ ಬೀಳದ ತಪ್ಪು ಜೋಡಣೆ ಅವರ ಕಣ್ಣಿಗೆ ತಟ್ಟನೆ ಬೀಳುತ್ತದೆ.

ಇನ್ನು ರೂಪದ ಮಾತು. ಹುಳುಮನೆಯ ಚಿತ್ರಗಳಿಗೆ ದಿನಗಳ ಲೆಕ್ಕವಿದೆ. ಚಾಕಿ ಕಟ್ಟುವುದರಿಂದ, ಅಂದರೆ ಮೊಟ್ಟೆಯೊಡೆದ ಮರಿಹುಳುಗಳನ್ನು ಸೊಪ್ಪಿಗೆ ಬಿಡುವುದರಿಂದ ಹಿಡಿದು, ಹಣ್ಣಾದ (ಗೂಡು ಕಟ್ಟಲು ಸಿದ್ಧವಾದ) ಹುಳುವನ್ನು ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡುವವರೆಗಿನ ಸುಮಾರು 25 ದಿನಗಳು ಪುಟ ತಿರುಗಿಸುವ ಹೊಲಿದ ಪುಸ್ತಕಕ್ಕೆ ಹೇಳಿ ಮಾಡಿಸಿದಂತಿವೆ. ನೂಲು ಬಿಚ್ಚುವ ಚಿತ್ರಗಳ ಸ್ವಭಾವ ಬೇರೆ. ಒಂದು ಒಳ್ಳೆಯ ದ್ವಿತಳಿ (ಬೈವೋಲ್ಟೀನ್) ರೇಷ್ಮೆಗೂಡಿನಲ್ಲಿ ಸುಮಾರು ಒಂದು ಕಿಲೋಮೀಟರ್ ಉದ್ದದ ಎಳೆ ಒಂದೇ ಸಮನೆ ಸುತ್ತಿಕೊಂಡಿರುತ್ತದೆ. ಅದನ್ನು ಬಿಚ್ಚುವ ಕೆಲಸದ ಚಿತ್ರಗಳನ್ನು ಪುಟಪುಟವಾಗಿ ಕತ್ತರಿಸದೆ, ಒಂದೇ ಉದ್ದನೆಯ ಕಾಗದದಲ್ಲಿ ಮಡಿಕೆ ಪುಸ್ತಕವಾಗಿ ಮಾಡಬೇಕೆಂದು ನನ್ನ ಸಲಹೆ.

ಮಡಿಕೆ ಪುಸ್ತಕವೆಂದರೆ ಹೊರಗಿನಿಂದ ಬಂದ ಹೊಸ ವಿದ್ಯೆಯೇನಲ್ಲ. ಇಂದು ನಾವು ಕಚೇರಿಯ ಫೈಲಿಗೆ ಬಳಸುವ ‘ಕಡತ’ ಎಂಬ ಮಾತು ಮೂಲದಲ್ಲಿ ಇಂಥ ಒಂದು ಪುಸ್ತಕದ ಹೆಸರು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಹಿಂದಕ್ಕೂ ಮುಂದಕ್ಕೂ ಮಡಿಕೆ ಹಾಕಿ, ಆ ಕಪ್ಪು ಮೈಯ ಮೇಲೆ ಬಳಪದಿಂದ ಲೆಕ್ಕಪತ್ರ ಬರೆದಿಡುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಇಂದಿಗೂ ಆಕರಗಳಾಗಿವೆ. ಛಾಯಾಚಿತ್ರಕ್ಕೆ ಈ ರೂಪ ಎಷ್ಟು ಒಗ್ಗುತ್ತದೆಂಬುದಕ್ಕೆ ಛಾಯಾಗ್ರಾಹಕಿ ದಯಾನಿತಾ ಸಿಂಗ್ ಅವರ ಕೆಲಸವೇ ಸಾಕ್ಷಿ. 2008ರಲ್ಲಿ ಅವರು ಏಳು ಪುಟ್ಟ ಮಡಿಕೆ ಪುಸ್ತಕಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು ಪ್ರಕಟಿಸಿದರು. ಮುಚ್ಚಿದಾಗ ಅಂಗೈಯಲ್ಲಿ ಹಿಡಿಯುವಂಥ ಪುಸ್ತಕ, ಬಿಚ್ಚಿ ನಿಲ್ಲಿಸಿದರೆ ಮೇಜಿನ ಮೇಲಿನ ಒಂದು ಪ್ರದರ್ಶನ.

ನಿಮ್ಮದನ್ನು ಹೀಗೆ ಮಾಡಬಹುದು. ಡಿಜಿಟಲ್ ಪ್ರಿಂಟ್ ಅಂಗಡಿಗಳಲ್ಲಿ 12×18 ಇಂಚಿನ ಹಾಳೆ ಸಾಮಾನ್ಯವಾಗಿ ಸಿಗುತ್ತದೆ. ಅದನ್ನು 7 ಇಂಚು ಎತ್ತರಕ್ಕೆ ಕತ್ತರಿಸಿದರೆ, ಉದ್ದದಲ್ಲಿ 5 ಇಂಚಿನ ಮೂರು ಮಡಿಕೆಗಳು ಬಂದು, ಮುಂದಿನ ಪಟ್ಟಿಗೆ ಅಂಟಿಸಲು ಅರ್ಧ ಇಂಚಿನ ಅಂಚನ್ನೂ ಬಿಡಬಹುದು. ಇಂಥ ನಾಲ್ಕು ಪಟ್ಟಿ ಜೋಡಿಸಿದರೆ 12 ಮಡಿಕೆ, ಅಂದರೆ 60 ಇಂಚು. ಐದಡಿ ಮೇಜನ್ನು ಅದು ಪೂರ್ತಿ ತುಂಬುತ್ತದೆ. ಚಿತ್ರ ಮಡಿಸುವ ಗೆರೆಯ ಮೇಲೆ ಹಾದುಹೋಗದಂತೆ ಸುತ್ತ ಬಿಳಿ ಅಂಚು ಬಿಡಿ, ಏಕೆಂದರೆ ಲೇಸರ್ ಪ್ರಿಂಟಿನ ಟೋನರ್ (ಬಣ್ಣದ ಪುಡಿ) ಮಡಿಸಿದ ಕಡೆ ಬಿರಿದು ಉದುರುತ್ತದೆ. ಮಡಿಸುವ ಮುನ್ನ ಸ್ಟೀಲ್ ಸ್ಕೇಲ್ ಇಟ್ಟು ಮೊಂಡು ಸೂಜಿಯಿಂದ ಗೀರಿಕೊಂಡು, ಮಡಿಸಿದ ಮೇಲೆ ಚಮಚದ ಬೆನ್ನಿನಿಂದ ತೀಡಿ.

ಹೊಲಿದ ಪುಸ್ತಕದಲ್ಲಿ ಬಹುತೇಕ ವಿದ್ಯಾರ್ಥಿಗಳು ಸೋಲುವುದು ಹೊಲಿಗೆಯಲ್ಲಲ್ಲ, ಕಾಗದದಲ್ಲಿ. ಕಾಗದಕ್ಕೆ ನಾರಿನ ದಿಕ್ಕು ಇರುತ್ತದೆ, ಪ್ರೆಸ್ಸಿನವರು ಅದನ್ನು ಗ್ರೇನ್ ಎನ್ನುತ್ತಾರೆ. ಹಾಳೆಯನ್ನು ಎರಡೂ ದಿಕ್ಕಿಗೆ ಮೆಲ್ಲಗೆ ಬಾಗಿಸಿ ನೋಡಿದರೆ, ಸುಲಭವಾಗಿ ಬಾಗುವ ಕಡೆಯ ಮಡಿಕೆಗೆ ಸಮಾನಾಂತರವಾಗಿ ನಾರು ಓಡುತ್ತಿರುತ್ತದೆ. ಪುಸ್ತಕದ ಬೆನ್ನಿಗೂ ನಾರು ಸಮಾನಾಂತರವಾಗಿಯೇ ಇರಬೇಕು. ಇಲ್ಲದಿದ್ದರೆ ಪುಟಗಳು ಸೆಟೆದು ನಿಂತು, ತೆರೆದಿಟ್ಟ ಪುಸ್ತಕ ತಾನಾಗಿ ಮುಚ್ಚಿಕೊಳ್ಳುತ್ತದೆ. ಅಂಗಡಿಯಲ್ಲಿ ಸಿಗುವ ಎ4 ಹಾಳೆಯ ನಾರು ಸಾಮಾನ್ಯವಾಗಿ ಉದ್ದಕ್ಕೆ ಇರುವುದರಿಂದ, ಅದನ್ನು ಎ5ಗೆ ಮಡಿಸಿದರೆ ಅಡ್ಡ ಬರುತ್ತದೆ. ನಾರು ಉದ್ದಕ್ಕಿರುವ ಎ3 ಹಾಳೆಯನ್ನು ಅರ್ಧ ಕತ್ತರಿಸಿಕೊಂಡರೆ ಈ ತೊಂದರೆ ತಪ್ಪುತ್ತದೆ. ನಾನು ವಿದ್ಯಾರ್ಥಿಯಾಗಿದ್ದಾಗ ಯಾರೂ ಇದನ್ನು ಹೇಳಿಕೊಡಲಿಲ್ಲ, ಒಂದು ತಿಂಗಳ ಕೆಲಸ ಹಾಳಾಯಿತು. ಅದಕ್ಕೇ ಇಷ್ಟು ಒತ್ತಿ ಬರೆಯುತ್ತಿದ್ದೇನೆ.

ಹೊಲಿಗೆ ಸರಳವಾದದ್ದು. ಎಂಟು ಹಾಳೆಗಳನ್ನು ಒಂದರೊಳಗೊಂದು ಮಡಿಸಿಟ್ಟರೆ 32 ಪುಟ. ಮಡಿಕೆಯ ಮೇಲೆ ದಬ್ಬಳದಿಂದ ಮೂರು ತೂತು ಮಾಡಿ. ಮೇಣ ಸವರಿದ ದಪ್ಪ ದಾರವನ್ನು ನಡುವಿನ ತೂತಿನಲ್ಲಿ ಒಳಗಿನಿಂದ ಹೊರಗೆ ತೆಗೆದು, ಮೇಲಿನ ತೂತಿನಿಂದ ಒಳಗೆ ತಂದು, ನಡುವಿನದನ್ನು ದಾಟಿ ಕೆಳಗಿನ ತೂತಿನಿಂದ ಹೊರಗೆ ಒಯ್ದು, ಮತ್ತೆ ನಡುವಿನ ತೂತಿನಿಂದ ಒಳಗೆ ತನ್ನಿ. ಈಗ ದಾರದ ಎರಡು ತುದಿಗಳು ಒಳಗಿನ ಉದ್ದ ಹೊಲಿಗೆಯ ಎಡಬಲಕ್ಕೆ ಇರುತ್ತವೆ. ಆ ಹೊಲಿಗೆಯನ್ನು ಸೇರಿಸಿಯೇ ಗಂಟು ಹಾಕಿ. ಪುಸ್ತಕದ ಎತ್ತರದ ಎರಡೂವರೆ ಮೂರು ಪಟ್ಟು ದಾರ ಸಾಕು. ಒಳಗಿನ ಹಾಳೆಗಳು ಹೊರಗಿನವುಗಳಿಗಿಂತ ತುಸು ಮುಂದೆ ಚಾಚುವುದರಿಂದ, ಹೊಲಿದ ಮೇಲೆ ಅಂಚನ್ನು ಕತ್ತರಿಸಿ ಸಮ ಮಾಡಿ. ನಿಜವಾದ ಪುಸ್ತಕಕ್ಕೆ ಕೈಹಾಕುವ ಮುನ್ನ ರದ್ದಿ ಕಾಗದದಲ್ಲಿ ಅದೇ ಅಳತೆಯ ಒಂದು ಮಾದರಿಯನ್ನು ಕಡ್ಡಾಯವಾಗಿ ಹೊಲಿಯಿರಿ.

ಗೋಡೆಗೆ ಎಂಟು ಪ್ರಿಂಟ್ ಸಾಕು, ಮಾರುಕಟ್ಟೆಯ ಚಿತ್ರಗಳನ್ನು ಅಲ್ಲಿ ಹಾಕಿ. ಕ್ಯಾಮೆರಾದ ಚೌಕಟ್ಟು ಸಾಮಾನ್ಯವಾಗಿ 3:2 ಅನುಪಾತದ್ದು. 8×12 ಅಥವಾ 12×18 ಹಾಕಿಸಿದರೆ ಚಿತ್ರ ಪೂರ್ತಿ ಬರುತ್ತದೆ, 8×10 ಹಾಕಿಸಿದರೆ ಆರನೇ ಒಂದು ಪಾಲು ಕತ್ತರಿಸಿಹೋಗುತ್ತದೆ. ಬಣ್ಣದ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಮಿಶ್ರತಳಿ ಗೂಡಿನ ಆ ಹಸಿರು ಬೆರೆತ ಹಳದಿಯನ್ನು ಲ್ಯಾಬಿನ ಯಂತ್ರ ‘ತಪ್ಪು ಬಣ್ಣ’ ಎಂದು ತಿಳಿದು ತಿದ್ದಿಬಿಡಬಹುದು. ‘ಕರೆಕ್ಷನ್ ಬೇಡ’ ಎಂದು ಬರೆದುಕೊಟ್ಟು, ಮೊದಲು ಒಂದೇ ಒಂದು ಚಿಕ್ಕ ಪ್ರಿಂಟ್ ತೆಗೆಸಿ. ಹೋಗುವಾಗ ಒಂದು ಗೂಡನ್ನು ಚೀಲದಲ್ಲಿಟ್ಟುಕೊಂಡು ಹೋಗಿ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗಲ್ಲ, ಬಾಗಿಲ ಬಳಿ ಹಗಲು ಬೆಳಕಿನಲ್ಲಿ, ಪ್ರಿಂಟಿನ ಮೇಲೆ ಆ ಗೂಡನ್ನಿಟ್ಟು ನೋಡಿ. ಪರದೆಯ ಬೆಳಕನ್ನು ಪೂರ್ತಿ ಏರಿಸಿಕೊಂಡು ತಿದ್ದಿದ ಚಿತ್ರ ಕಾಗದದ ಮೇಲೆ ಕಪ್ಪಾಗಿಯೇ ಬರುತ್ತದೆ, ಅದನ್ನೂ ಈ ಹಂತದಲ್ಲೇ ಸರಿಪಡಿಸಿಕೊಳ್ಳಬಹುದು. ಹೊಳಪಿನ ಲ್ಯಾಮಿನೇಷನ್ ಮಾಡಿಸಲೇಬೇಡಿ. ತರಗತಿಯ ದೀಪಗಳೆಲ್ಲ ಅದರೊಳಗೆ ಕಾಣಿಸಿ, ಚಿತ್ರ ಕಾಣುವುದಿಲ್ಲ. ಮ್ಯಾಟ್ (ಹೊಳಪಿಲ್ಲದ) ಪ್ರಿಂಟನ್ನು ಸನ್‌ಬೋರ್ಡ್ ಎಂಬ ಹಗುರ ಫೋಮ್ ಹಲಗೆಗೆ ಅಂಟಿಸಿ, ಚಿತ್ರದ ನಡುಭಾಗ ನೆಲದಿಂದ ಸುಮಾರು 145ರಿಂದ 150 ಸೆಂಟಿಮೀಟರ್ ಎತ್ತರಕ್ಕೆ ಬರುವಂತೆ ಹಾಕಿದರೆ ಸಾಕು, ಫ್ರೇಮಿನ ಖರ್ಚು ಬೇಡ.

20 ನಿಮಿಷದಲ್ಲಿ ಏಳೆಂಟು ನಿಮಿಷಕ್ಕಿಂತ ಹೆಚ್ಚು ಮಾತನಾಡಬೇಡಿ. ಮೇಜಿಗೆ ಬಿಳಿ ಬಟ್ಟೆ ಹಾಸಿ, ಕೈ ಒರೆಸಿಕೊಳ್ಳಲು ಇನ್ನೊಂದು ಬಟ್ಟೆ ಇಟ್ಟು, ಪುಸ್ತಕವನ್ನು ಪರೀಕ್ಷಕರ ಕೈಗೆ ಕೊಟ್ಟು, ಅವರು ಕೊನೆಯ ಪುಟ ಮುಟ್ಟುವವರೆಗೆ ಸುಮ್ಮನಿರಿ.

ಪ್ರಶ್ನೆ: ಕೋಲಾರದ ಟೊಮೆಟೊ ಮಾರುಕಟ್ಟೆಯ ರಾತ್ರಿ ಕೆಲಸದ ಬಗ್ಗೆ ಚಿತ್ರಪುಸ್ತಕ ಮಾಡಿದೆ. ಸ್ಟುಡಿಯೋದಲ್ಲಿ ತೆಗೆಸಿದ ಹೊಳಪಿನ ಪ್ರಿಂಟ್‌ಗಳನ್ನು ಬೆನ್ನಿಗೆ ಬೆನ್ನು ಫೆವಿಕಾಲ್‌ನಿಂದ ಅಂಟಿಸಿ, ರಟ್ಟು ಹಾಕಿ ಬಟ್ಟೆ ಹೊದಿಸಿದೆ. ಎರಡೇ ದಿನಕ್ಕೆ ಪುಟಗಳು ಉಬ್ಬಿದವು, ರಟ್ಟು ಬಿಲ್ಲಿನಂತೆ ಬಾಗಿತು. ಎಲ್ಲಿ ತಪ್ಪಿದೆ?
– ವಿದ್ಯಾರ್ಥಿ, ಕೋಲಾರ

ಉತ್ತರ: ಎರಡು ಬೇರೆ ಬೇರೆ ತಪ್ಪುಗಳಾಗಿವೆ. ಲ್ಯಾಬಿನ ಫೋಟೊ ಕಾಗದದ ಎರಡೂ ಮೈಗೆ ತೆಳುವಾದ ಪ್ಲಾಸ್ಟಿಕ್ ಪದರ ಇರುತ್ತದೆ. ಫೆವಿಕಾಲ್ ನೀರಿನ ಅಂಟು, ಅದರ ನೀರು ಕಾಗದ ಹೀರಿಕೊಂಡರೆ ಮಾತ್ರ ಒಣಗುತ್ತದೆ. ಎರಡು ಪ್ಲಾಸ್ಟಿಕ್ ಮೈಗಳ ನಡುವೆ ಸಿಕ್ಕಿಕೊಂಡ ನೀರಿಗೆ ಹೋಗಲು ದಾರಿಯಿಲ್ಲದೆ ನಿಮ್ಮ ಪುಟಗಳು ಉಬ್ಬಿವೆ. ಇಂಥ ಪ್ರಿಂಟ್‌ಗಳಿಗೆ ತೆಳುವಾದ ಎರಡು ಬದಿಯ ಟೇಪ್ ಬಳಸಿ. ಇಲ್ಲವೇ ಒಳ್ಳೆಯ ಮ್ಯಾಟ್ ಕಾಗದದ ಮೇಲೆ ಇಂಕ್‌ಜೆಟ್ ಪ್ರಿಂಟ್ ತೆಗೆಸಿ ಪುಸ್ತಕ ಕಟ್ಟಿ. ನನ್ನ ಒಲವು ಎರಡನೆಯದರ ಕಡೆಗೆ, ಏಕೆಂದರೆ ಆ ಕಾಗದ ಮಡಿಕೆಗೂ ಹೊಲಿಗೆಗೂ ಬಗ್ಗುತ್ತದೆ.

ರಟ್ಟು ಬಾಗಿದ್ದಕ್ಕೆ ಕಾರಣ ಬೇರೆ. ಅಂಟಿನ ತೇವಕ್ಕೆ ಹಿಗ್ಗಿದ ಬಟ್ಟೆ ಒಣಗುವಾಗ ಕುಗ್ಗಿ ರಟ್ಟನ್ನು ತನ್ನ ಕಡೆಗೆ ಎಳೆಯುತ್ತದೆ. ಒಳಮೈಗೂ ಕಾಗದ ಅಂಟಿಸಿದರೆ ಅದು ಎದುರು ದಿಕ್ಕಿಗೆ ಎಳೆದು ಸಮ ಮಾಡುತ್ತದೆ. ನೀವು ಒಳಗಡೆ ಅಂಟಿಸದೆ ಬಿಟ್ಟಿರಬೇಕು. ರಟ್ಟಿನ, ಬಟ್ಟೆಯ, ಒಳಗಿನ ಕಾಗದದ ನಾರುಗಳೆಲ್ಲ ಬೆನ್ನಿನ ದಿಕ್ಕಿಗೇ ಓಡಲಿ. ಅಂಟನ್ನು ಬ್ರಷ್ಷಿನಿಂದ ನಡುವಿನಿಂದ ಹೊರಕ್ಕೆ ತೆಳ್ಳಗೆ ಎಳೆದು, ಮೇಣದ ಕಾಗದ ಸುತ್ತಿ, ಎರಡು ಹಲಗೆಗಳ ನಡುವೆ ಭಾರ ಹೇರಿ ಒಂದು ಇಡೀ ರಾತ್ರಿ ಬಿಡಿ. ಅವಸರದಲ್ಲಿ ಬಿಸಿಲಿಗೆ ಇಟ್ಟರೆ ಮತ್ತೆ ಬಾಗುತ್ತದೆ. ಇದನ್ನು ಕಲಿಯಲು ನಿಮ್ಮ ಊರಿನಲ್ಲೇ ರಿಜಿಸ್ಟರ್ ಮತ್ತು ಕೆಂಪು ಬಟ್ಟೆಯ ಲೆಕ್ಕದ ಪುಸ್ತಕ ಕಟ್ಟುವ ಬೈಂಡಿಂಗ್ ಅಂಗಡಿ ಇದ್ದರೆ, ಒಂದು ಮಧ್ಯಾಹ್ನ ಅಲ್ಲಿ ಕುಳಿತು ಬನ್ನಿ. ಕ್ಯಾಲಿಕೊ ಬಟ್ಟೆಯನ್ನು ಮೂಲೆಯಲ್ಲಿ ಎಷ್ಟು ಬಿಟ್ಟು ಕತ್ತರಿಸಬೇಕೆಂಬುದನ್ನು ಬರೆದು ತಿಳಿಸುವುದು ಕಷ್ಟ, ಆ ಕೈಗಳನ್ನು ನೋಡಿಯೇ ಕಲಿಯಬೇಕು.

ಪ್ರಶ್ನೆ: ನನ್ನ ವಿದ್ಯಾರ್ಥಿಗಳು ತಿಪಟೂರಿನ ಕೊಬ್ಬರಿ ಕೆಲಸದ ಕುರಿತು ಚಿತ್ರ ತೆಗೆದಿದ್ದಾರೆ. ಚಿತ್ರದ ಕೆಳಗೆ ಬರಹ ಬೇಕೆ, ಬೇಡವೆ ಎಂದು ತರಗತಿಯಲ್ಲಿ ಜಗಳವೇ ಆಗಿದೆ. ತಾವು ಏನು ಹೇಳುತ್ತೀರಿ?
– ಅಧ್ಯಾಪಕಿ, ತುಮಕೂರು

ಉತ್ತರ: ಚಿತ್ರದಲ್ಲಿ ಕಾಣುವುದನ್ನೇ ಮತ್ತೆ ಹೇಳುವ ಬರಹ ಬೇಡ, ಕಾಣದಿರುವುದನ್ನು ಹೇಳುವ ಬರಹ ಬೇಕು. ‘ಕಾಯಿ ಸುಲಿಯುತ್ತಿರುವ ಮಹಿಳೆ’ ಎಂದು ಬರೆದರೆ ನೋಡುವವರಿಗೆ ಏನೂ ಸಿಗುವುದಿಲ್ಲ. ಆ ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ, ಹತ್ತಿರ ಹತ್ತಿರ ಒಂದು ವರ್ಷ ಕೂತು, ಒಳಗಿನ ನೀರು ಬತ್ತಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗಿದೆ ಎಂಬುದನ್ನು ಯಾವ ಕ್ಯಾಮೆರಾವೂ ತೋರಿಸಲಾರದು. ಅದನ್ನು ಎರಡು ವಾಕ್ಯದಲ್ಲಿ ಬರೆಸಿ. ಗೋಡೆಯಲ್ಲಾದರೆ ಪ್ರತಿ ಚಿತ್ರಕ್ಕೂ ಚೀಟಿ ಅಂಟಿಸದೆ ಒಂದು ಬದಿಯಲ್ಲಿ ಒಂದೇ ಹಾಳೆ ಹಾಕಿ. ಪುಸ್ತಕದಲ್ಲಾದರೆ ಕೊನೆಯ ಎರಡು ಪುಟಗಳಲ್ಲಿ ಪುಟಸಂಖ್ಯೆಯೊಂದಿಗೆ ಕೊಡಿ.

ಚಿತ್ರದಲ್ಲಿರುವವರ ಹೆಸರು ಹಾಕುವ ಮುನ್ನ ಅವರನ್ನು ಕೇಳಲೇಬೇಕು. ಅಳುಕಿದವರ ಹೆಸರು ಬಿಡಿ, ಬೇಡವೆಂದವರ ಚಿತ್ರವನ್ನೇ ಬಿಡಿ. ಬರೆದದ್ದನ್ನು ಕನ್ನಡದಲ್ಲಿಯೇ ಅವರಿಗೆ ಓದಿ ಹೇಳಿಸಿ. ಎಷ್ಟು ತಿಂಗಳು, ಯಾವ ಅಟ್ಟ, ಯಾರ ಕಾಯಿ ಎಂಬ ತಪ್ಪುಗಳು ಅಲ್ಲಿಯೇ ತಿದ್ದಿಕೊಳ್ಳುತ್ತವೆ. ಪ್ರದರ್ಶನದ ಬಜೆಟ್ ಹಾಕುವಾಗಲೇ ಅವರಿಗೆ ತಲಾ ಒಂದು 5×7 ಪ್ರಿಂಟಿನ ಖರ್ಚನ್ನೂ ಸೇರಿಸಿ, ಪ್ರದರ್ಶನಕ್ಕೆ ಮೊದಲೇ ವಿದ್ಯಾರ್ಥಿಗಳ ಮೂಲಕ ಅದನ್ನು ಅವರಿಗೆ ತಲುಪಿಸಿ.