ತೆರಿಗೆ ತಾನೇ ಏರಿತೇ?

ಪ್ರಿಯ ಲೇಖಕರಿಗೆ, ನಮಸ್ಕಾರ.

ಸ್ಕಾಟ್ಲೆಂಡಿನ ಡಂಡೀ ಊರಿನಿಂದ ನೀವು ಕಳುಹಿಸಿದ ‘ಟ್ಯಾನಡೈಸ್ ಬೀದಿಯ ಶನಿವಾರ’ ಎಂಬ ಪ್ರಬಂಧವನ್ನು ಎರಡು ಸಲ ಓದಿದೆ. ಮೊದಲ ಸಲ ಸಂತೋಷದಿಂದ, ಎರಡನೆಯ ಸಲ ಕೆಂಪು ಪೆನ್ನು ಹಿಡಿದು. ಕನ್ನಡದಲ್ಲಿ ಫುಟ್‌ಬಾಲ್ ಬಗ್ಗೆ ಬರೆಯುವವರೇ ಕಡಿಮೆ. ಪರದೇಶದ ಒಂದು ಊರಿನ ಕ್ಲಬ್ಬಿನ ಗ್ಯಾಲರಿಯಲ್ಲಿ ಕುಳಿತು ಆ ದೇಶದ ತೆರಿಗೆ ಜಗಳವನ್ನು ಕಿವಿಗೊಟ್ಟು ಕೇಳಿ ಬಂದವರು ಇನ್ನೂ ಕಡಿಮೆ. ಒಂದೇ ಬೀದಿಯಲ್ಲಿ ಕೂಗಳತೆಯ ದೂರದಲ್ಲಿ ನಿಂತಿರುವ ಎರಡು ಮೈದಾನಗಳನ್ನೂ, 1983ರಲ್ಲಿ ಟ್ಯಾನಡೈಸ್ ಮೈದಾನದ ಡಂಡೀ ಯುನೈಟೆಡ್ ತನ್ನ ಏಕೈಕ ಲೀಗ್ ಪ್ರಶಸ್ತಿಯನ್ನು ಎದುರಾಳಿ ಡಂಡೀ ಕ್ಲಬ್ಬಿನ ಡೆನ್ಸ್ ಪಾರ್ಕಿನಲ್ಲಿಯೇ ಗೆದ್ದ ಕಥೆಯನ್ನೂ ಚೆನ್ನಾಗಿ ಹೇಳಿದ್ದೀರಿ. ಸೆಣಬಿನ ಗಿರಣಿಗಳ ಪುಟದ ಬಗ್ಗೆ ನನ್ನ ತಕರಾರೇನೂ ಇಲ್ಲ. ಹೊಗಳಿಕೆ ಇಷ್ಟು ಸಾಕು. ಪ್ರಬಂಧವನ್ನು ಈಗಿರುವ ರೂಪದಲ್ಲಿ ನಾವು ಪ್ರಕಟಿಸುವುದಿಲ್ಲ.

ಕಾರಣ ಹೇಳುವ ಮುನ್ನ ನಿಮ್ಮ ಬರಹದ ಜೀವ ಎಲ್ಲಿದೆ ಎಂಬುದನ್ನು ಗುರುತಿಸಿಬಿಡುತ್ತೇನೆ. ವಿರಾಮದ ಹೊತ್ತಿಗೆ ನಿಮ್ಮ ಮುಂದಿನ ಸಾಲಿನಲ್ಲಿ ಕುಳಿತಿದ್ದ ಮಾವ ಮತ್ತು ಅಳಿಯ ಮಾತಿಗೆ ಮಾತು ಬೆಳೆಸುತ್ತಾರೆ. ಇಬ್ಬರ ಕೊರಳಲ್ಲೂ ಒಂದೇ ಕಿತ್ತಳೆ ಬಣ್ಣದ ಮಫ್ಲರ್. ಸ್ಕಾಟ್ಲೆಂಡ್ ಬ್ರಿಟನ್ನಿನಿಂದ ಬೇರೆಯಾಗಿ ಸ್ವತಂತ್ರ ದೇಶವಾಗಬೇಕೇ ಎಂದು ಕೇಳಿದ 2014ರ ಜನಮತ ಗಣನೆಯಲ್ಲಿ ಮಾವ ‘ಬೇಡ’ ಎಂದವನು, ಅಳಿಯ ‘ಬೇಕು’ ಎಂದವನು. ಹೈಸ್ಕೂಲು ಮೇಷ್ಟ್ರಾದ ಅಳಿಯ ಮೊಬೈಲಿನಲ್ಲಿ ತನ್ನ ಸಂಬಳದ ಚೀಟಿಯನ್ನು ತೆರೆದು, ತೆರಿಗೆ ಸಂಕೇತದ ಮೊದಲಿಗಿರುವ ‘ಎಸ್’ ಅಕ್ಷರದ ಮೇಲೆ ಬೆರಳಿಟ್ಟು, “ಈ ಒಂದು ಅಕ್ಷರವೇ ನಮಗೆ ಸಿಕ್ಕಿರುವ ಸ್ವಾತಂತ್ರ್ಯ” ಎನ್ನುತ್ತಾನೆ. “ಆ ಒಂದು ಅಕ್ಷರಕ್ಕೇ ಇಷ್ಟು ದುಡ್ಡು ಕೀಳುತ್ತಿದ್ದಾರೆ, ಪೂರ್ತಿ ಹೆಸರು ಬರೆದರೆ ಇನ್ನೆಷ್ಟೋ” ಎಂದು ಮಾವ ಉತ್ತರಿಸುತ್ತಾನೆ. ಈ ಎರಡು ಮಾತುಗಳನ್ನು ಓದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ಮುಂದಿನ ಪುಟದಲ್ಲಿ ನೀವು ಅವರಿಬ್ಬರನ್ನೂ ಗ್ಯಾಲರಿಯಲ್ಲಿಯೇ ಬಿಟ್ಟು, ಮೂರು ಪುಟಗಳ ವ್ಯಾಖ್ಯಾನಕ್ಕೆ ಹೊರಟುಬಿಟ್ಟಿರಿ. ನನ್ನ ಸಿಟ್ಟು ಶುರುವಾದದ್ದು ಅಲ್ಲಿಂದ.

ಆ ಮೂರು ಪುಟಗಳ ವಾಕ್ಯಗಳಿಗೆ ಕರ್ತೃವೇ ಇಲ್ಲ. ಇರುವಲ್ಲಿ ಅದು ಒಬ್ಬ ಮನುಷ್ಯ ಹೊರಲಾರದಷ್ಟು ದೊಡ್ಡದು. ಬೇರೆ ವಿಷಯದ ಪ್ರಬಂಧವಾಗಿದ್ದರೆ ಇದನ್ನು ನಾನು ಸಹಿಸಿಕೊಂಡೇನು. ತೆರಿಗೆಯ ಕುರಿತ ಬರಹದಲ್ಲಿ ಯಾರು ವಿಧಿಸಿದರು, ಯಾರು ವಸೂಲು ಮಾಡಿದರು, ಯಾರು ಖರ್ಚು ಮಾಡಿದರು ಎಂಬುದೇ ಕಥೆ.

ನಿಮ್ಮ ಮೊದಲ ವಾಕ್ಯ: “ಸ್ಕಾಟ್ಲೆಂಡಿನ ತೆರಿಗೆ ಲಂಡನ್ನಿನತ್ತ ಹರಿದು ಹೋಗುತ್ತದೆ, ಚಿಲ್ಲರೆ ಮಾತ್ರ ಮರಳಿ ಬರುತ್ತದೆ.” ತೆರಿಗೆಯೇನು ತುಂಗಭದ್ರೆಯೇ, ಇಳಿಜಾರು ಕಂಡಲ್ಲಿ ತಾನಾಗಿ ಹರಿಯುವುದಕ್ಕೆ? ಯಾವ ತೆರಿಗೆಯ ಮಾತಾಡುತ್ತಿದ್ದೀರಿ ಎಂದು ಹೇಳಿ. ವ್ಯಾಟ್, ಕಂಪನಿಗಳ ತೆರಿಗೆ, ರಾಷ್ಟ್ರೀಯ ವಿಮೆಯ ವಂತಿಗೆ, ಇವುಗಳ ದರವನ್ನು ನಿರ್ಧರಿಸುವುದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸಂಸತ್ತು. ಸಂಬಳದ ಮೇಲಿನ ಆದಾಯ ತೆರಿಗೆಯ ವಿಚಾರ ಬೇರೆ. 2017ರ ಏಪ್ರಿಲ್‌ನಿಂದ ಅದರ ದರಗಳನ್ನೂ ಹಂತಗಳನ್ನೂ ಗೊತ್ತುಪಡಿಸುತ್ತಿರುವುದು ಎಡಿನ್‌ಬರೋದ ಹಾಲಿರೂಡ್‌ನಲ್ಲಿರುವ ಸ್ಕಾಟಿಷ್ ಸಂಸತ್ತು. ವಸೂಲು ಮಾಡುವುದು ಇಡೀ ಬ್ರಿಟನ್ನಿನ ಕಂದಾಯ ಇಲಾಖೆ. ವಸೂಲಾದ ಹಣ ಸೇರುವುದು ಸ್ಕಾಟಿಷ್ ಸರ್ಕಾರದ ಬಜೆಟ್ಟಿಗೆ, ಅದಕ್ಕೆ ಪ್ರತಿಯಾಗಿ ಲಂಡನ್ ತಾನು ಕೊಡುವ ಅನುದಾನದಲ್ಲಿ ಒಂದಿಷ್ಟನ್ನು ಮುರಿದುಕೊಳ್ಳುತ್ತದೆ. ಅಳಿಯನ ಚೀಟಿಯ ಮೇಲಿನ ‘ಎಸ್’ ಅಕ್ಷರದ ಅರ್ಥ ಇಷ್ಟೇ: ಈತ ವಾಸಿಸುವುದು ಸ್ಕಾಟ್ಲೆಂಡಿನಲ್ಲಿ, ಈತನ ಸಂಬಳಕ್ಕೆ ಹಾಲಿರೂಡ್‌ನ ದರ ಹಾಕಿ. ಅಂದರೆ ಅವನ ಬೆರಳ ತುದಿಯಲ್ಲಿಯೇ ಮೂರು ಕರ್ತೃಗಳಿದ್ದರು. ನೀವು ಮೂವರನ್ನೂ ಸೇರಿಸಿ ಒಂದು ಹೊಳೆ ಮಾಡಿದಿರಿ.

‘ಚಿಲ್ಲರೆ’ ಎಂಬ ಮಾತಿಗೂ ನನ್ನ ಆಕ್ಷೇಪವಿದೆ. ಸ್ಕಾಟಿಷ್ ಸರ್ಕಾರವೇ ಪ್ರತಿ ವರ್ಷ ಪ್ರಕಟಿಸುವ ಆಯವ್ಯಯದ ಲೆಕ್ಕದಲ್ಲಿ ಅಲ್ಲಿನ ತಲಾ ಸರ್ಕಾರಿ ವೆಚ್ಚ ಬ್ರಿಟನ್ನಿನ ಸರಾಸರಿಗಿಂತ ಹೆಚ್ಚೇ ಇದೆ. ಒಕ್ಕೂಟದ ಪರ ಇರುವವರು ಆ ಲೆಕ್ಕವನ್ನು ಮುಂದಿಟ್ಟು “ನೀವು ಒಬ್ಬರೇ ಬಾಳಲಾರಿರಿ” ಎನ್ನುತ್ತಾರೆ, ಸ್ವಾತಂತ್ರ್ಯವಾದಿಗಳು “ಅದು ಈಗಿನ ವ್ಯವಸ್ಥೆಯ ಲೆಕ್ಕ, ನಾಳೆ ನಾವೇ ನಡೆಸುವ ದೇಶದ ಲೆಕ್ಕವಲ್ಲ, ಮೇಲಾಗಿ ಉತ್ತರ ಸಮುದ್ರದ ತೈಲದ ಹಣವನ್ನು ಇಷ್ಟು ವರ್ಷ ಬಳಸಿಕೊಂಡವರು ಯಾರು?” ಎಂದು ತಿರುಗಿಸಿ ಕೇಳುತ್ತಾರೆ. ಇಬ್ಬರ ವಾದದಲ್ಲೂ ತೂಕವಿದೆ. ನೀವು ಯಾವ ಪಕ್ಷವನ್ನಾದರೂ ಹಿಡಿಯಿರಿ, ಅದು ನಿಮಗೆ ಬಿಟ್ಟದ್ದು. ಚಿಲ್ಲರೆ ಎಂದು ಬರೆದವರು ನಾಣ್ಯವನ್ನು ಎಣಿಸಿರಬೇಕು, ನಾನು ಕೇಳುವುದು ಅಷ್ಟನ್ನೇ.

ಎರಡನೆಯ ವಾಕ್ಯ ಚಿಕ್ಕದು, ನನ್ನನ್ನು ಹೆಚ್ಚು ಕೆರಳಿಸಿದ್ದೂ ಅದೇ: “ಈಚಿನ ವರ್ಷಗಳಲ್ಲಿ ಮಧ್ಯಮ ವರ್ಗದ ಮೇಲಿನ ತೆರಿಗೆಯನ್ನು ಹೆಚ್ಚಿಸಲಾಗಿದೆ.” ಹೆಚ್ಚಿಸಿದವರು ಯಾರು? 2024-25ರ ದರದಂತೆ ಸ್ಕಾಟ್ಲೆಂಡಿನಲ್ಲಿ 43,662 ಪೌಂಡ್ ದಾಟಿದ ಆದಾಯಕ್ಕೆ ಶೇ 42ರ ತೆರಿಗೆ ಬೀಳುತ್ತದೆ. ಇಂಗ್ಲೆಂಡಿನಲ್ಲಿ 50,270 ಪೌಂಡ್ ದಾಟಿದ ಮೇಲೆ ಶೇ 40. ಈ ಅಂತರವನ್ನು ತಂದದ್ದು ಲಂಡನ್ ಅಲ್ಲ, ಸ್ವಾತಂತ್ರ್ಯದ ಪರವಾಗಿರುವ ಪಕ್ಷವೇ ಅಧಿಕಾರದಲ್ಲಿರುವ ಎಡಿನ್‌ಬರೋ. ಕಡಿಮೆ ಸಂಬಳದವರು ಅಲ್ಲಿ ಇಂಗ್ಲೆಂಡಿಗಿಂತ ಸ್ವಲ್ಪ ಕಡಿಮೆ ಕಟ್ಟುತ್ತಾರೆ ಎಂಬುದೂ ನಿಜ. ಮಾವ ಗೊಣಗಿದ್ದು ಎಡಿನ್‌ಬರೋದ ಮೇಲೆ, ಅಳಿಯ ಸಿಡುಕಿದ್ದು ಲಂಡನ್ನಿನ ಮೇಲೆ. ಅವರ ಜಗಳವೆಲ್ಲ ನಿಂತಿರುವುದು ‘ಯಾರು’ ಎಂಬ ಒಂದು ಪದದ ಮೇಲೆ, ಮತ್ತು ನೀವು ‘ಲಾಗಿದೆ’ ಎಂದು ಆ ಪದವನ್ನೇ ಒರೆಸಿಹಾಕಿದ್ದೀರಿ. ಸರ್ಕಾರಿ ಸುತ್ತೋಲೆ ಬರೆಯುವ ಗುಮಾಸ್ತನಿಗೆ ಕರ್ಮಣಿ ಪ್ರಯೋಗ ಅನ್ನದ ದಾರಿ, ಅವನಿಗೆ ಹೆಸರು ಹೇಳದಿರುವುದೇ ಕೆಲಸ. ನಿಮಗೇನು ಬಂದಿತ್ತು?

ಈ ವಿಷಯದಲ್ಲಿ ನನಗೆ ಇಷ್ಟು ರೋಷ ಏಕೆ ಎಂಬುದಕ್ಕೆ ಒಂದು ಹಳೆಯ ಗಾಯ ಕಾರಣ. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಉತ್ತರ ಕರ್ನಾಟಕದ ಒಂದು ಜಿಲ್ಲಾ ಪತ್ರಿಕೆಯಲ್ಲಿ ನಾನು ಕರಡು ತಿದ್ದುವ ಹುಡುಗನಾಗಿ ಸೇರಿದ್ದೆ. ಮೂರನೆಯ ತಿಂಗಳಲ್ಲಿ ನನಗೊಂದು ವರದಿ ಬರೆಯುವ ಭಾಗ್ಯ ಬಂತು. “ಪುರಸಭೆಯ ವ್ಯಾಪ್ತಿಯಲ್ಲಿ ಮನೆ ತೆರಿಗೆಯನ್ನು ಹೆಚ್ಚಿಸಲಾಗಿದೆ” ಎಂದು ಆರಂಭಿಸಿ, ಬಹಳ ಗಂಭೀರವಾಗಿ ಬರೆದೆನೆಂಬ ಹೆಮ್ಮೆಯಿಂದ ಹಾಳೆಯನ್ನು ಹಿರಿಯ ಉಪಸಂಪಾದಕರ ಮುಂದಿಟ್ಟೆ. ಅವರು ಅಡಿಕೆ ಚೂರನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ಸರಿಸಿಕೊಂಡು ಕೇಳಿದರು: “ಯಾರು ಏರಿಸ್ಯಾರೋ ತಮ್ಮಾ? ತಾನ ಏರಿತೇನು?” ನನ್ನಲ್ಲಿ ಉತ್ತರವಿರಲಿಲ್ಲ. “ಹೋಗಿ ಠರಾವು ಪುಸ್ತಕ ನೋಡ್ಕೊಂಡು ಬಾ, ಕೈ ಎತ್ತಿದವರ ಹೆಸರು ಬರಕೊಂಡು ಬಾ” ಎಂದು ಹಾಳೆಯನ್ನು ಹಿಂದಕ್ಕೆ ತಳ್ಳಿದರು.

ಬಾಡಿಗೆ ಸೈಕಲ್ಲಿನಲ್ಲಿ ಹೋದೆ. ಠರಾವಿನ ಪರವಾಗಿ ಕೈ ಎತ್ತಿದವರ ಪಟ್ಟಿಯಲ್ಲಿ ಎರಡನೆಯ ಹೆಸರು ನಮ್ಮ ಓಣಿಯ ಸದಸ್ಯರದು. ಪ್ರತಿ ಭಾನುವಾರ ನಮ್ಮ ಮನೆಗೆ ಬಂದು ನನ್ನ ತಂದೆಯ ಜೊತೆ ಚಹಾ ಕುಡಿಯುತ್ತ, ಮನೆ ತೆರಿಗೆ ಎಷ್ಟು ದುಬಾರಿಯಾಯಿತೆಂದು ತಾವೇ ಮರುಗುತ್ತಿದ್ದ ಹಿರಿಯರು. ಆ ಹೆಸರನ್ನು ಬರೆದುಕೊಳ್ಳುವಾಗ ನನ್ನ ಕೈ ನಡುಗಿತು. ಆಗ ತಿಳಿಯಿತು, ‘ಹೆಚ್ಚಿಸಲಾಗಿದೆ’ ಎಂದು ನಾನು ಬರೆದದ್ದು ಗಾಂಭೀರ್ಯಕ್ಕಲ್ಲ, ಸೋಮಾರಿತನಕ್ಕೆ ಎಂದು. ಗೊತ್ತಿದ್ದೂ ಬರೆದಿದ್ದರೆ ಅದು ಅಂಜಿಕೆಯಾಗುತ್ತಿತ್ತು. ವರದಿ ಹೆಸರುಗಳ ಸಮೇತ ಅಚ್ಚಾಯಿತು. ಮುಂದಿನ ಭಾನುವಾರ ಅವರು ಚಹಾಕ್ಕೆ ಬರಲಿಲ್ಲ. ತಂದೆ ಒಂದು ವಾರ ನನ್ನೊಡನೆ ಮಾತಾಡಲಿಲ್ಲ.

ಇನ್ನು ದೊಡ್ಡ ಕರ್ತೃವಿನ ವಿಚಾರ. “ಟ್ಯಾನಡೈಸ್‌ನ ಅಭಿಮಾನಿಗಳು ಸ್ವಾತಂತ್ರ್ಯದ ಕನಸು ಕಾಣುತ್ತಾರೆ” ಎಂದು ಬರೆದಿದ್ದೀರಿ. 2014ರ ಸೆಪ್ಟೆಂಬರ್ 18ರಂದು ಇಡೀ ಸ್ಕಾಟ್ಲೆಂಡ್ ಶೇ 55.3ರಷ್ಟು ‘ಬೇಡ’ ಎಂದಾಗ ಡಂಡೀ ಶೇ 57.3ರಷ್ಟು ‘ಬೇಕು’ ಎಂದದ್ದು ನಿಜ. ಹಾಗಾದರೆ ಉಳಿದ ಶೇ 42.7 ಜನ ಪಂದ್ಯ ನೋಡಲು ಎಲ್ಲಿಗೆ ಹೋದರು? ಎಲ್ಲರೂ ಬೀದಿ ದಾಟಿ ಡೆನ್ಸ್ ಪಾರ್ಕಿಗೆ ಹೋಗಲಿಲ್ಲವಲ್ಲ. ಅವರಲ್ಲಿ ಒಬ್ಬ ನಿಮ್ಮ ಮುಂದಿನ ಸಾಲಿನಲ್ಲಿಯೇ ಮಫ್ಲರ್ ಸುತ್ತಿಕೊಂಡು ಕುಳಿತಿದ್ದ. ಆತನನ್ನು ಎರಡು ಪುಟಗಳ ಹಿಂದೆ ನಮಗೆ ಪರಿಚಯಿಸಿದವರೇ ನೀವು. ಗ್ಲ್ಯಾಸ್ಗೋದಲ್ಲಿ ಈ ಕೆಲಸ ಸುಲಭವೆಂದು ತೋರುತ್ತದೆ: ಐಬ್ರಾಕ್ಸ್‌ನಲ್ಲಿ ರೇಂಜರ್ಸ್ ಬಳಗ ಬ್ರಿಟನ್ನಿನ ಬಾವುಟ ಬೀಸುತ್ತದೆ, ಸೆಲ್ಟಿಕ್ ಬಳಗ ಐರ್ಲೆಂಡಿನ ತ್ರಿವರ್ಣ ಹಿಡಿಯುತ್ತದೆ, ಬಾವುಟ ನೋಡಿ ಮತ ಹೇಳಿಬಿಡಬಹುದು ಎಂದು ಬರಹಗಾರ ಭಾವಿಸುತ್ತಾನೆ. ಆದರೆ ಮತಗಟ್ಟೆಗೆ ಬಾವುಟ ಒಯ್ಯುವ ಹಾಗಿಲ್ಲ. ಡಂಡೀಯಲ್ಲಿ ಅಂಥ ಬಾವುಟದ ಸೌಕರ್ಯವೂ ನಿಮಗಿಲ್ಲ, ಅದು ನಿಮ್ಮ ಅದೃಷ್ಟ. ಅಲ್ಲಿ ಒಬ್ಬೊಬ್ಬರನ್ನೇ ಕೇಳಿ ತಿಳಿಯಬೇಕು.

‘ಅಭಿಮಾನಿಗಳು’ ಎಂಬ ಪದವನ್ನು ನಂಬಿ ಕೆಟ್ಟವರು ನೀವೊಬ್ಬರೇ ಅಲ್ಲ. ಐಬ್ರಾಕ್ಸ್ ಮೈದಾನವಿರುವ ಗವನ್ ಕ್ಷೇತ್ರದ ಉಪಚುನಾವಣೆಯಲ್ಲಿ 1988ರಲ್ಲಿ ಸ್ವಾತಂತ್ರ್ಯವಾದಿ ಜಿಮ್ ಸಿಲ್ಲರ್ಸ್ ಗೆದ್ದರು. ಶ್ರೀಮಂತನಿಗೂ ಕೂಲಿಯವನಿಗೂ ತಲೆಗಿಷ್ಟೆಂದು ವಿಧಿಸುವ ತಲೆಗಂದಾಯ ಮರುವರ್ಷದ ಏಪ್ರಿಲ್‌ನಲ್ಲಿ, ಇಂಗ್ಲೆಂಡಿಗಿಂತ ಒಂದು ವರ್ಷ ಮೊದಲೇ, ಸ್ಕಾಟ್ಲೆಂಡಿನ ಮೇಲೆ ಬರಲಿತ್ತು. ಅದರ ವಿರುದ್ಧದ ಸಿಟ್ಟು ಆ ಗೆಲುವಿನ ಹಿಂದಿತ್ತು. 1992ರಲ್ಲಿ ಅದೇ ಕ್ಷೇತ್ರ ಅವರನ್ನು ಸೋಲಿಸಿತು. ಸೋತ ಕಹಿಯಲ್ಲಿ ಅವರು ತಮ್ಮ ಜನರನ್ನು ‘ತೊಂಬತ್ತು ನಿಮಿಷದ ದೇಶಭಕ್ತರು’ ಎಂದು ಜರೆದರು, ಪಂದ್ಯ ನಡೆಯುವಷ್ಟು ಹೊತ್ತು ಮಾತ್ರ ದೇಶಾಭಿಮಾನ ಎಂಬ ಅರ್ಥದಲ್ಲಿ. ನಿಮ್ಮ ಪ್ರಬಂಧದಲ್ಲಿ ಈ ಮಾತು ಬಂದಿಲ್ಲವೆಂಬುದು ನನಗೆ ಆಶ್ಚರ್ಯ. ಮಾವನಿಗೆ ಈ ಬೈಗುಳವನ್ನು ನೆನಪಿಸಿ ನೋಡಿ, ಏನನ್ನುತ್ತಾನೋ ಬರೆದುಕೊಳ್ಳಿ. ತಾನು ಆ ತಲೆಗಂದಾಯವನ್ನು ಕಟ್ಟಿದನೋ ಇಲ್ಲವೋ ಎಂಬುದನ್ನೂ ಹೇಳಬಹುದು.

“2012ರಲ್ಲಿ ರೇಂಜರ್ಸ್ ಕ್ಲಬ್ ತೆರಿಗೆಯಿಂದಾಗಿ ಮುಳುಗಿತು” ಎಂಬ ವಾಕ್ಯದಲ್ಲಿಯೂ ಅದೇ ರೋಗ. ತೆರಿಗೆ ಯಾವ ಕ್ಲಬ್ಬನ್ನೂ ಮುಳುಗಿಸುವುದಿಲ್ಲ. ಕ್ಲಬ್ಬನ್ನು ನಡೆಸುತ್ತಿದ್ದ ಕಂಪನಿ ಸಂಬಳದಿಂದ ಮುರಿದುಕೊಂಡ ಆದಾಯ ತೆರಿಗೆಯನ್ನೂ ವ್ಯಾಟನ್ನೂ ಕಟ್ಟಿರಲಿಲ್ಲ. ಆಟಗಾರರಿಗೆ ಟ್ರಸ್ಟಿನ ಮೂಲಕ ಸಾಲದ ರೂಪದಲ್ಲಿ ಕೊಟ್ಟ ಹಣದ ತಕರಾರು ಬೇರೆಯೇ ನಡೆದಿತ್ತು, ಅದನ್ನು ಬ್ರಿಟನ್ನಿನ ಸುಪ್ರೀಂ ಕೋರ್ಟು 2017ರಲ್ಲಿ ಕಂದಾಯ ಇಲಾಖೆಯ ಪರವಾಗಿ ತೀರ್ಮಾನಿಸಿತು. ಕಟ್ಟದವರು ಮುಳುಗಿಸಿದರು. ನೀವು ಕಟ್ಟದವರನ್ನು ಬಿಟ್ಟು ತೆರಿಗೆಯನ್ನು ಕಟಕಟೆಗೆ ತಂದಿದ್ದೀರಿ.

ಕೊನೆಯ ಪುಟದ “ನಮ್ಮ ಕರ್ನಾಟಕದಲ್ಲೂ ಇದೇ ಕಥೆ” ಎಂಬ ವಾಕ್ಯವನ್ನು ಪೂರ್ತಿ ಹೊಡೆದುಹಾಕಿದ್ದೇನೆ. 2024ರ ಫೆಬ್ರವರಿ 7ರಂದು ಕರ್ನಾಟಕದ ಮುಖ್ಯಮಂತ್ರಿಯೂ ಮಂತ್ರಿಗಳೂ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತದ್ದು ನಿಮ್ಮ ಮನಸ್ಸಿನಲ್ಲಿದೆ ಎಂದು ಊಹಿಸುತ್ತೇನೆ. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಮೊತ್ತದೊಳಗೆ ನಮ್ಮ ಪಾಲು 14ನೇ ಹಣಕಾಸು ಆಯೋಗದ ಶೇ 4.713ರಿಂದ 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿದದ್ದು ಆ ತಕರಾರಿನ ಮೂಲ. ಅಲ್ಲಿ ಕುಳಿತವರು ಕೇಳಿದ್ದು ಪಾಲನ್ನು, ಪ್ರತ್ಯೇಕ ದೇಶವನ್ನಲ್ಲ. ನಮ್ಮಲ್ಲಿ ಹಂಚುವ ಸೂತ್ರವನ್ನು ಸೂಚಿಸುವ ಆಯೋಗಕ್ಕೆ ಸಂವಿಧಾನದ 280ನೇ ವಿಧಿಯ ಆಧಾರವಿದೆ. ಸ್ಕಾಟ್ಲೆಂಡಿನ ಅನುದಾನವನ್ನು ಲೆಕ್ಕ ಹಾಕುವ ಬಾರ್ನೆಟ್ ಸೂತ್ರಕ್ಕೆ ಕಾನೂನಿನ ಆಧಾರವೇ ಇಲ್ಲ, 1970ರ ದಶಕದ ಕೊನೆಯಿಂದ ಅಲ್ಲಿನ ಖಜಾನೆ ರೂಢಿಯಾಗಿ ನಡೆಸಿಕೊಂಡು ಬಂದದ್ದು. ಹೋಲಿಸಲೇಬೇಕೆಂದರೆ ಈ ವ್ಯತ್ಯಾಸದಿಂದ ಆರಂಭಿಸಿ ಇನ್ನೊಂದು ಪ್ರಬಂಧ ಬರೆಯಿರಿ. ‘ಇದೇ ಕಥೆ’ ಎಂದವನು ಎರಡು ಕಥೆಗಳನ್ನೂ ಹೇಳುವ ತೊಂದರೆಯನ್ನು ತಪ್ಪಿಸಿಕೊಳ್ಳುತ್ತಾನೆ.

ತಿದ್ದುವ ಕೆಲಸ ಹೀಗಿರಲಿ. ಮಾವ-ಅಳಿಯರನ್ನು ಪಂದ್ಯ ಮುಗಿಯುವವರೆಗೂ ಗ್ಯಾಲರಿಯಿಂದ ಏಳಿಸಬೇಡಿ. ನೀವು ವ್ಯಾಖ್ಯಾನದಲ್ಲಿ ಹೇಳಬೇಕೆಂದಿರುವ ತೆರಿಗೆಯ ಸಂಗತಿಗಳಲ್ಲಿ ಅವರಿಬ್ಬರ ಬಾಯಿಂದ ಬರಬಹುದಾದಷ್ಟು ಮಾತ್ರ ಉಳಿಯಲಿ. ‘ಲಾಗಿದೆ’, ‘ಲಾಯಿತು’ ಎಂದು ಮುಗಿಯುವ ವಾಕ್ಯಗಳ ಕೆಳಗೆ ನಾನು ಗೆರೆ ಎಳೆದಿದ್ದೇನೆ, ಒಟ್ಟು ಇಪ್ಪತ್ತಮೂರು. ಪ್ರತಿಯೊಂದರ ಪಕ್ಕದಲ್ಲೂ ಒಂದು ಹೆಸರು ಬರೆಯಿರಿ, ಹೆಸರು ಸಿಗದಿದ್ದರೆ ವಾಕ್ಯವನ್ನು ಕಿತ್ತುಹಾಕಿ. ಎರಡು ತಿಂಗಳೊಳಗೆ ಮರಳಿ ಕಳುಹಿಸಿದರೆ ನಾನೇ ಓದುತ್ತೇನೆ.

ಮೂರನೆಯ ಪುಟದಲ್ಲಿ, ಜಗಳ ಬಿಸಿಯೇರಿದಾಗ, “ಮಾಂಸದ ಪೈಗಳನ್ನು ತರಿಸಲಾಯಿತು” ಎಂದಿದ್ದೀರಿ. ದುಡ್ಡು ಕೊಟ್ಟವನು ಮಾವನೋ ಅಳಿಯನೋ, ಅದನ್ನೂ ಬರೆಯಿರಿ.

ಇತಿ,
ಸಂಪಾದಕ