ಕುದಿಯುವ ಸಾರಿಗೆ ಯಾವ ಹೂ ಹಾಕೋಣ?

ಪ್ರಶ್ನೆ: ಅಕ್ಕಾ, ದೀಪಾವಳಿಗೆ ಮಗ, ಸೊಸೆ, ಮೊಮ್ಮಕ್ಕಳು ಎಲ್ಲ ಬರುತ್ತಾರೆ. ಮೇಜಿನ ಮಧ್ಯೆ ಒಲೆ ಇಟ್ಟು, ಕುದಿಯುವ ಸಾರಿಗೆ ತರಕಾರಿ ಹಾಕಿ ಬೇಯಿಸುತ್ತಾ ತಿನ್ನುವ ಹಾಟ್‌ಪಾಟ್ ಮಾಡೋಣ, ಅದಕ್ಕೆ ಹೂವನ್ನೂ ಹಾಕೋಣ ಅಂತ ಸೊಸೆಯ ಆಸೆ. ಯಾವ ಹೂ ಆಗುತ್ತದೆ? ಒಂದೇ ಪಾತ್ರೆಗೆ ಎಲ್ಲರೂ ಚಮಚ ಹಾಕಿದರೆ ಎಂಜಲಲ್ವಾ ಅಂತ ಅತ್ತೆಯವರು ಕೇಳುತ್ತಿದ್ದಾರೆ.
– ಓದುಗರು, ಶಿರಸಿ

ಉತ್ತರ: ಮೊದಲು ಅತ್ತೆಯವರ ಮಾತು. ಅವರು ಕೇಳಿದ್ದು ಸರಿಯಾಗಿದೆ. ಚೀನಾದಲ್ಲೂ ಪಾತ್ರೆಗೆ ಹಾಕಿ ತೆಗೆಯಲು ಬೇರೆ ಕಡ್ಡಿ, ತಿನ್ನಲು ಬೇರೆ ಕಡ್ಡಿ ಇಡುವ ರೂಢಿ ಇದೆ. ನೀವು ಉದ್ದ ಹಿಡಿಯ ಸೌಟು ಒಂದು, ಜಾಲರಿ ಸೌಟು ಒಂದು ಪಾತ್ರೆಯ ಪಕ್ಕದಲ್ಲೇ ಇಡಿ, ಬೆಂದದ್ದನ್ನು ಅದರಲ್ಲೇ ಎತ್ತಿ ಅವರವರ ಬಟ್ಟಲಿಗೆ ಹಾಕಿ, ತಿನ್ನುವ ಚಮಚ ಯಾರದ್ದೂ ಪಾತ್ರೆ ಮುಟ್ಟಬಾರದು. ಮೊದಲ ಬಟ್ಟಲು ಅತ್ತೆಯವರಿಗೇ ಬಡಿಸಿ.

ಇನ್ನು ಹೂವು. ವಿಯೆಟ್ನಾಂನ ಮೆಕಾಂಗ್ ನದಿ ಬಯಲಿನಲ್ಲಿ 'ಲಾವ್ ಮಾಮ್' ಅಂತ ಹಾಟ್‌ಪಾಟ್ ಇದೆ. ಸಾರು ಹುಳಿಬರಿಸಿದ ಮೀನಿನದ್ದು, ಆದರೆ ಜೊತೆಗೆ ತಟ್ಟೆ ತುಂಬ ಇಡುವುದು ಬಾಳೆ ಹೂ, ಅಗಸೆ ಮರದ ಹೂ, ಕುಂಬಳದ ಹೂ, ನೈದಿಲೆಯ ದಂಟು. ಎಲ್ಲ ನಮ್ಮ ಹಿತ್ತಲಿನವೇ ಅಲ್ವಾ! ಹಾಗಾಗಿ ನನ್ನ ಸಲಹೆ ಇಷ್ಟೇ: ನಿಮ್ಮ ಅಡುಗೆಮನೆಗೆ ಮೊದಲಿಂದ ಬಂದಿರುವ ಹೂಗಳನ್ನೇ ಹಾಕಿ. ಅದರ ಒಗರು, ಕಹಿ ಎಲ್ಲ ನಿಮ್ಮ ಕೈಗೆ ಗೊತ್ತು.

ಬಾಳೆ ಹೂವಿಗೆ ಮಾತ್ರ ಪೂರ್ವತಯಾರಿ ಜಾಸ್ತಿ. ಪ್ರತಿ ಪುಟ್ಟ ಹೂವಿನ ಒಳಗಿನ ಗಟ್ಟಿ ಕಡ್ಡಿ ಮತ್ತು ಪ್ಲಾಸ್ಟಿಕ್‌ನಂಥ ಚಿಪ್ಪು ತೆಗೆಯಿರಿ, ಹೆಚ್ಚಿ ಮಜ್ಜಿಗೆ ನೀರಲ್ಲಿ ಹಾಕಿಡಿ, ಆಮೇಲೆ ಉಪ್ಪು ಅರಿಶಿನ ಹಾಕಿ ಅಡುಗೆಮನೆಯಲ್ಲೇ ಬೇಯಿಸಿ ಆ ನೀರು ಚೆಲ್ಲಿಬಿಡಿ. ಹಸಿಯಾಗಿ ಮೇಜಿಗೆ ತಂದರೆ ಇಡೀ ಸಾರು ಒಗರಾಗುತ್ತದೆ. ಸಿಹಿಗುಂಬಳದಲ್ಲಿ ಗಂಡು ಹೂ ಕೀಳಿ. ಅದಕ್ಕೆ ತೆಳ್ಳನೆಯ ತೊಟ್ಟು, ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿ ಇರುತ್ತದೆ. ಎಲ್ಲ ಗಂಡು ಹೂ ಕೀಳಬೇಡಿ, ಕಾಯಿ ಕಚ್ಚುವುದಕ್ಕೆ ಒಂದಷ್ಟು ಬಳ್ಳಿಯಲ್ಲೇ ಇರಲಿ. ಅಗಸೆ ಹೂವಿನ ನಡುವಿನ ಕೇಸರ ಕಹಿ, ತೆಗೆಯಿರಿ. ನುಗ್ಗೆ ಹೂ ಸಿಕ್ಕರೆ ಉಪ್ಪುನೀರಲ್ಲಿ ಅದ್ದಿಡಿ, ಇರುವೆ ಹುಳ ಹೊರಗೆ ಬರುತ್ತವೆ. ದಾಸವಾಳ ಬೇಡ, ಸಾರು ಲೋಳೆಯಾಗುತ್ತದೆ.

ಸಾರು ತಿಳಿಯಾಗಿರಲಿ. ನಮ್ಮ ಹುಳಿ, ಸಾಂಬಾರಿನ ಖಾರ ಮಸಾಲೆ ಹಾಕಿದರೆ ಹೂವಿನ ರುಚಿ ಮುಳುಗಿಹೋಗುತ್ತದೆ, ಆಮೇಲೆ ಹೂ ಹಾಕಿದ್ದು ಸುಮ್ನೆ ಆಯಿತು. ಎರಡು ಲೀಟರ್ ನೀರಿಗೆ ಮೂಲಂಗಿ, ಕ್ಯಾರೆಟ್, ಜಜ್ಜಿದ ಶುಂಠಿ, ಒಂದು ಹಿಡಿ ಮಜ್ಜಿಗೆ ಹುಲ್ಲು, ಏಳೆಂಟು ಕಾಳುಮೆಣಸು ಹಾಕಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬಿಟ್ಟು ಸೋಸಿ. ಕೊನೆಗೆ ಎರಡು ಮುರುಗಲು ಸಿಪ್ಪೆ. ಉಪ್ಪು ಕಡಿಮೆ ಹಾಕಿ, ಮೇಜಿನ ಮೇಲೆ ಬತ್ತುತ್ತಾ ಬತ್ತುತ್ತಾ ಅದೇ ಜಾಸ್ತಿಯಾಗುತ್ತದೆ. ಖಾರ ಬೇಕಾದವರಿಗೆ ಪಕ್ಕದಲ್ಲಿ ಸೂಜಿಮೆಣಸು, ನಿಂಬೆರಸ, ಜೋನಿ ಬೆಲ್ಲ, ಹುರಿದ ಶೇಂಗಾ ಪುಡಿ ಕಲಸಿಡಿ.

ಗಟ್ಟಿ ತರಕಾರಿ ಮೊದಲು, ಅಣಬೆ ಆಮೇಲೆ, ಹೂ ಕೊನೆಗೆ. ಕುಂಬಳ ಹೂ ಅರ್ಧ ನಿಮಿಷಕ್ಕೆ ಬಾಡಿದರೆ ಸಾಕು. ಇಂಡಕ್ಷನ್ ಒಲೆ ಎಲ್ಲಕ್ಕಿಂತ ಒಳ್ಳೆಯದು. ಇದ್ದಿಲ ಒಲೆಯನ್ನು ಮನೆಯೊಳಗೆ ಇಡಲೇಬೇಡಿ, ಅದರ ವಿಷಗಾಳಿಗೆ ವಾಸನೆಯೂ ಇಲ್ಲ.

ಪ್ರಶ್ನೆ: ನಮ್ಮದು ಕಾರವಾರ, ಸಿಗಡಿ ಇಲ್ಲದೆ ಆಗುವುದಿಲ್ಲ. ನೋಡಲು ಚೆಂದ ಅಂತ ಅಂಗಳದ ಕಣಗಿಲೆ, ನಿತ್ಯಪುಷ್ಪ ಮೇಲೆ ಉದುರಿಸಬಹುದಾ?

ಉತ್ತರ: ಖಂಡಿತ ಬೇಡ! ಎರಡೂ ವಿಷ. ಕಣಗಿಲೆಯ ಹೂ, ಎಲೆ, ಕಡ್ಡಿ ಎಲ್ಲವೂ ಹೃದಯದ ಬಡಿತ ಕೆಡಿಸುತ್ತವೆ, ಕುದಿಸಿದರೂ ಆ ವಿಷ ಹೋಗುವುದಿಲ್ಲ. ಉಮ್ಮತ್ತಿ, ಎಕ್ಕ, ಗೌರಿ ಹೂವನ್ನು (ಅಗ್ನಿಶಿಖೆ) ತಟ್ಟೆಯ ಅಲಂಕಾರಕ್ಕೂ ಇಡಬೇಡಿ, ಮಕ್ಕಳು ಬಾಯಿಗೆ ಹಾಕಿಕೊಂಡಾರು. ಚೀನಾದಲ್ಲಿ ಬಿಳಿ ಸೇವಂತಿಗೆ ಎಸಳಿನ ಹಾಟ್‌ಪಾಟ್ ಹಳೆಯದು ನಿಜ, ಆದರೆ ಪೇಟೆಯಲ್ಲಿ ಮಾಲೆಗೆ ಮಾರುವ ಸೇವಂತಿಗೆಗೆ ಔಷಧಿ ಹೊಡೆದಿರುತ್ತಾರೆ. ಬಣ್ಣವೇ ಬೇಕಾದರೆ ಮನೆಯ ಶಂಖಪುಷ್ಪ ಸಾಕು, ನೀಲಿ ಬಿಡುತ್ತದೆ, ನಿಂಬೆ ಹಿಂಡಿದರೆ ನೇರಳೆಯಾಗುತ್ತದೆ.

ಸಿಗಡಿ ಕೆಂಪಾಗಿ ಸುರುಳಿ ಸುತ್ತುವವರೆಗೆ ಬೇಯಲಿ. ಹಸಿ ಸಿಗಡಿ ಎತ್ತಿದ ಚಮಚದಲ್ಲಿ ಬೆಂದದ್ದನ್ನು ಮುಟ್ಟಬೇಡಿ. ಶಾಕಾಹಾರಿ ನೆಂಟರಿದ್ದರೆ ನಡುವೆ ಗೋಡೆ ಇರುವ ಪಾತ್ರೆ ನಂಬಬೇಡಿ, ಕುದಿದಾಗ ಒಂದು ಕಡೆಯದ್ದು ಇನ್ನೊಂದು ಕಡೆ ಸಿಡಿಯುತ್ತದೆ. ಅವರಿಗೆ ಬೇರೆ ಪಾತ್ರೆಯನ್ನೇ ಇಡಿ.

ಪ್ರಶ್ನೆ: ಉಳಿದ ಸಾರು ಮರುದಿನಕ್ಕೆ ಇಡಬಹುದಾ?

ಉತ್ತರ: ಇಡಬೇಡಿ, ಎಷ್ಟೋ ಹಸಿ ಪದಾರ್ಥ ಬಿದ್ದಿರುತ್ತದೆ. ಜಪಾನಿನವರು ಕೊನೆಗೆ ಅದೇ ಸಾರಿಗೆ ಅನ್ನ ಹಾಕಿ ಗಂಜಿ ಮಾಡಿ ಅಲ್ಲೇ ಮುಗಿಸುತ್ತಾರೆ. ನೀವೂ ಒಂದು ಬಟ್ಟಲು ಕುಚಲಕ್ಕಿ ಅನ್ನ ತೆಗೆದಿಟ್ಟುಕೊಳ್ಳಿ.