‘ಯಾರಿಗೆ ಬಂತು’ ಹಾಡಿನ ಮಾತ್ರೆ ಲೆಕ್ಕ

ಕವಿ ಸಿದ್ದಲಿಂಗಯ್ಯನವರ ‘ಯಾರಿಗೆ ಬಂತು ಎಲ್ಲಿಗೆ ಬಂತು ನಲವತ್ತೇಳರ ಸ್ವಾತಂತ್ರ್ಯ’ ಯಾವ ಛಂದಸ್ಸಿನಲ್ಲಿದೆ, ಪ್ರಾಸ ಎಲ್ಲಿದೆ, ‘ಬಂತು’ ಅಷ್ಟು ಸಲ ಬರುವುದು ಪದಗಳಿಗೆ ಬರವೇ ಎಂದು ನಿಮ್ಮ ಪ್ರಬಂಧಕ್ಕಾಗಿ ಕೇಳಿದ್ದೀರಿ, ನೀವೇ ಹಾಕಿದ ಮಾತ್ರೆ ಲೆಕ್ಕವನ್ನೂ ಕಳಿಸಿದ್ದೀರಿ. ಆರು ಸಾಲಿನ ಷಟ್ಪದಿಯ ಗೊಡವೆ ಬಿಡಿ. ಇದು ನಾಲ್ಕು ಮಾತ್ರೆಯ ನಡೆ; ಮಾತ್ರೆ ಎಂದರೆ ಒಂದು ಹ್ರಸ್ವಾಕ್ಷರ ಹೇಳುವಷ್ಟು ಕಾಲ. ಮೆರವಣಿಗೆಯ ಹೆಜ್ಜೆಗೂ ತಮಟೆಗೂ ಒಗ್ಗುವಂಥದ್ದು.

ಗಣ, ಅಂದರೆ ಮಾತ್ರೆಗಳ ಗುಂಪು, ಬಿಡಿಸಿ: ಕೋಟ್ಯಾ | ಧೀಶನ | ಕೋಣೆಗೆ | ಬಂತು. ಮೊದಲ ಮೂರಕ್ಕೆ ನಾಲ್ಕು ನಾಲ್ಕು ಮಾತ್ರೆ, ಕೊನೆಯದಕ್ಕೆ ಮೂರು. ಆ ಒಂದು ಮಾತ್ರೆಯ ಕೊರತೆ ದೋಷವಲ್ಲ, ಹಾಡುವವರಿಗೆ ಉಸಿರಾಡಲು ಜಾಗ. ‘ನಲವತ್ತೇಳರ’ ಎಂಬಲ್ಲಿ ‘ರ’ವನ್ನು ಗುರು (ಎರಡು ಮಾತ್ರೆಯ ಅಕ್ಷರ) ಮಾಡಿದ್ದರಿಂದ ನಿಮ್ಮ ಲೆಕ್ಕ ಕೆಟ್ಟಿದೆ. ಒತ್ತಕ್ಷರದ ಹಿಂದಿನ ಅಕ್ಷರ ಸಾಮಾನ್ಯವಾಗಿ ಗುರು, ನಿಜ. ಆದರೆ ಮುಂದಿನ ಪದ ‘ಸ್ವಾ’ ಎಂದು ಶುರುವಾದರೂ ಇಲ್ಲಿ ‘ರ’ ಲಘುವೇ, ಒಂದೇ ಮಾತ್ರೆ. ಗಟ್ಟಿಯಾಗಿ ಹೇಳಿ ನೋಡಿ, ಕಿವಿಗೆ ಗೊತ್ತಾಗುತ್ತದೆ.

ಈಗ ಬಡವನ ಸಾಲು: ಬಡವನ | ಮನೆಗೆ ಬ | ರಲಿಲ್ಲ. ಇಲ್ಲಿರುವುದು ಮೂರೇ ಗಣ, ಹನ್ನೆರಡು ಮಾತ್ರೆ. ಕೋಟ್ಯಾಧೀಶನ ಸಾಲು ಒಂದರ ಹಿಂದೊಂದು ಮೂರು ಗುರುಗಳೊಂದಿಗೆ ದರ್ಪದಿಂದ ಹೊರಡುತ್ತದೆ. ಬಡವನ ಸಾಲಿನಲ್ಲಿ ಒಂಬತ್ತು ಲಘು ಕಳೆದ ಮೇಲೆ ‘ಲಿ’ ಎಂಬ ಒಂದೇ ಒಂದು ಗುರು, ಅದೂ ‘ಇಲ್ಲ’ ಎನ್ನುವುದಕ್ಕೆ! ಇದನ್ನು ಕವಿ ಎಣಿಸಿಯೇ ಬರೆದರೋ ಎಂಬ ಚರ್ಚೆ ನನಗೆ ಬೇಡ. ಹಾಡಿದಾಗ ಕೇಳಿಸುತ್ತದೆ, ಅಷ್ಟು ಸಾಕು.

ಪ್ರಾಸಕ್ಕೆ ಬಂದರೆ, ಸಾಲುಗಳ ಎರಡನೆಯ ಅಕ್ಷರದ ವ್ಯಂಜನ ಹೊಂದುವ ಆದಿಪ್ರಾಸ ಇಲ್ಲಿಲ್ಲ. ಬಡವನ ಸಾಲಿನ ‘ಬರಲಿಲ್ಲ’, ಅದರ ಮುಂದಿನ ಸಾಲಿನ ‘ತರಲಿಲ್ಲ’ ಅಚ್ಚುಕಟ್ಟಾದ ಅಂತ್ಯಪ್ರಾಸ. ಮೊದಲ ಅಕ್ಷರವೊಂದೇ ಬೇರೆ. ‘ಬಂತು’ ಮಾತ್ರ ಪ್ರಾಸವಲ್ಲ, ಪುನರಾವೃತ್ತಿ. ಅದರ ಹಿಂದಿನ ಪದಗಳನ್ನು ಗಮನಿಸಿ: ಬಾಯಿಗೆ, ಕೋಣೆಗೆ. ‘ಯಾರಿಗೆ’ ಎಂಬ ಪ್ರಶ್ನೆಗೆ ಅದೇ ವಿಭಕ್ತಿಯಲ್ಲಿ ಉತ್ತರಗಳು ಬಂದು ಬೀಳುತ್ತಿವೆ. ಬಂತು, ಬಂತು ಎಂದು ಕಿವಿಗೆ ರೂಢಿಯಾದ ಮೇಲೆ ‘ಮನೆಗೆ’ ಎಂದಾಗ ಇನ್ನೊಂದು ‘ಬಂತು’ ಕೇಳಲು ನಾವು ಸಿದ್ಧರಾಗಿರುತ್ತೇವೆ. ಅಲ್ಲಿ ಅದೇ ಕ್ರಿಯಾಪದ ನಿಷೇಧವಾಗಿ ತಿರುಗುತ್ತದೆ. ಮೊದಲು ಅಷ್ಟು ಸಲ ‘ಬಂತು’ ಎನ್ನದಿದ್ದರೆ ಈ ‘ಬರಲಿಲ್ಲ’ ಬರಿಯ ವರದಿಯಾಗುತ್ತಿತ್ತು.

ನಿಮ್ಮ ಪ್ರಬಂಧದಲ್ಲಿ ‘ಬಡವರ ಸಾಲುಗಳೆಲ್ಲ ಚಿಕ್ಕವು’ ಎಂದು ಬರೆದುಬಿಡಬೇಡಿ. ಮುಂದೆಯೇ ‘ಗೋಳಿನ | ಕಡಲನು | ಬತ್ತಿಸ | ಲಿಲ್ಲ’ ಎಂದು ಮತ್ತೆ ನಾಲ್ಕು ಗಣದ ಸಾಲು ಬರುತ್ತದೆ.